ಕಪ್ಪು ಕಲೆಯಿಂದ ಕೆರೆಯವರೆಗೆ: ಟೈಟನ್ ಉಪಗ್ರಹದ ಚಿತ್ರಗಳ ಅರ್ಥನಿರ್ಣಯ

೧. ಪ್ರವೇಶ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ಕತ್ತಲಗೆರೆ ಎಂಬ ಊರಿನ ಹೆಸರು ಮೇಲ್ನೋಟಕ್ಕೆ ‘ಕತ್ತಲು’ ಮತ್ತು ‘ಕೆರೆ’ ಎಂಬ ಎರಡು ಪದಗಳಾಗಿ ಒಡೆಯುತ್ತದೆ. ಉತ್ತರಪದದ ಆದಿಯ ಕಕಾರಕ್ಕೆ ಗಕಾರ ಬರುವುದು ಆದೇಶ ಸಂಧಿಯ ಸಾಮಾನ್ಯ ನಿಯಮವಾದ್ದರಿಂದ ಈ ವಿಭಜನೆಗೆ ವ್ಯಾಕರಣದ ಬೆಂಬಲವೂ ಉಂಟು. ಆದರೆ ಸ್ಥಳನಾಮಗಳ ಅಧ್ಯಯನ ಅಷ್ಟಕ್ಕೇ ತೀರ್ಪು ನೀಡುವುದಿಲ್ಲ. ಹೆಸರಿನ ಹಳೆಯ ರೂಪ ಶಾಸನಗಳಲ್ಲಿ ಹೇಗಿದೆ, ನೆರೆಯ ಊರುಗಳ ಹೆಸರುಗಳಲ್ಲಿ ಅದೇ ಘಟಕ ಯಾವ ಅರ್ಥದಲ್ಲಿ ಬಂದಿದೆ, ನೆಲದ ಮೇಲೆ ಅಂಥ ಕೆರೆಯೊಂದು ಇತ್ತೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಅರ್ಥ ನಿಶ್ಚಿತವಾಗುತ್ತದೆ. ಕಿವಿಗೆ ತೋರುವ ಅರ್ಥ ಸೂಚನೆ ಮಾತ್ರ, ಅದು ಪ್ರಮಾಣವಲ್ಲ.

೨೦೦೬ರ ಜುಲೈ ತಿಂಗಳಿನಲ್ಲಿ ಖಗೋಳ ವಿಜ್ಞಾನಿಗಳ ಮುಂದೆ ಇದೇ ಬಗೆಯ ಪ್ರಶ್ನೆಯೊಂದು ಬಂದಿತು. ಶನಿಗ್ರಹವನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆಯು ಟೈಟನ್ ಎಂಬ ಉಪಗ್ರಹದ ಉತ್ತರ ಧ್ರುವ ಪ್ರದೇಶದ ರೇಡಾರ್ ಚಿತ್ರಗಳನ್ನು ಕಳುಹಿಸಿತು. ಅವುಗಳಲ್ಲಿ ೩ ಕಿಲೋಮೀಟರಿನಿಂದ ೭೦ ಕಿಲೋಮೀಟರಿಗೂ ಹೆಚ್ಚು ಅಗಲವಾದ ೭೫ಕ್ಕೂ ಮಿಕ್ಕಿ ಕಪ್ಪು ಕಲೆಗಳಿದ್ದವು. ಆಕಾರದಲ್ಲಿ ಅವು ಕೆರೆಗಳನ್ನು ಹೋಲುತ್ತಿದ್ದವು. ೨೦೦೭ರ ಜನವರಿಯಲ್ಲಿ ಪ್ರಕಟವಾದ ಪ್ರಬಂಧ ಅವುಗಳನ್ನು ದ್ರವ ತುಂಬಿದ ಸರೋವರಗಳೆಂದು ಗುರುತಿಸಿತು. ಚಿತ್ರದಲ್ಲಿನ ಕಪ್ಪು ಬಣ್ಣ ‘ಸರೋವರ’ ಎಂಬ ನಾಮಪದವಾಗುವ ಹಾದಿ ಎಂಥದು, ಆ ಹಾದಿಯಲ್ಲಿ ಎಲ್ಲೆಲ್ಲಿ ತಪ್ಪು ಸಂಭವಿಸಿತು, ತಿದ್ದುಪಡಿ ಹೇಗೆ ಸಾಧ್ಯವಾಯಿತು, ಇಂಥ ನಿರ್ಣಯವನ್ನು ಕನ್ನಡದಲ್ಲಿ ಬರೆಯುವಾಗ ಭಾಷೆ ವಹಿಸಬೇಕಾದ ಎಚ್ಚರ ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

೨. ಟೈಟನ್: ಮಬ್ಬಿನ ಹೊದಿಕೆಯ ಲೋಕ

ಟೈಟನ್ ಉಪಗ್ರಹವನ್ನು ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹ್ಯೂಜೆನ್ಸ್ ೧೬೫೫ರ ಮಾರ್ಚ್ ೨೫ರಂದು ಕಂಡುಹಿಡಿದನು. ಅದರ ವ್ಯಾಸ ಸುಮಾರು ೫,೧೫೦ ಕಿಲೋಮೀಟರುಗಳು. ಶನಿಯಿಂದ ಸುಮಾರು ೧೨ ಲಕ್ಷ ಕಿಲೋಮೀಟರ್ ದೂರದಲ್ಲಿದ್ದು, ಅದು ೧೬ ದಿನಗಳಿಗೊಮ್ಮೆ ಗ್ರಹವನ್ನು ಸುತ್ತುತ್ತದೆ. ಸೌರವ್ಯೂಹದ ಉಪಗ್ರಹಗಳ ಪೈಕಿ ದಟ್ಟವಾದ ವಾಯುಮಂಡಲವಿರುವುದು ಇದೊಂದಕ್ಕೇ. ೧೯೪೪ರಲ್ಲಿ ಜೆರಾರ್ಡ್ ಕೈಪರ್ ಅದರ ಬೆಳಕಿನ ರೋಹಿತದಲ್ಲಿ ಮೀಥೇನ್ ಅನಿಲದ ಗುರುತನ್ನು ಕಂಡು ವಾಯುಮಂಡಲದ ಇರವನ್ನು ಸ್ಥಾಪಿಸಿದನು.

ವಾಯೇಜರ್-೧ ನೌಕೆ ೧೯೮೦ರ ನವೆಂಬರ್ ೧೨ರಂದು ಟೈಟನ್ನಿನ ಬಳಿ ಹಾದುಹೋಯಿತು. ಈ ಭೇಟಿಗಾಗಿ ಆಯ್ದ ಪಥವು ನೌಕೆಯನ್ನು ಗ್ರಹಗಳ ಸಮತಲದಿಂದ ಹೊರಕ್ಕೆ ತಳ್ಳುವಂಥದಾಗಿದ್ದು, ಮುಂದೆ ಬೇರೆ ಗ್ರಹವನ್ನು ಕಾಣುವ ಅವಕಾಶವನ್ನು ಅದಕ್ಕಾಗಿ ತ್ಯಜಿಸಲಾಯಿತು. ಇಷ್ಟು ಬೆಲೆ ತೆತ್ತು ದೊರೆತ ಚಿತ್ರಗಳಲ್ಲಿ ಕಂಡದ್ದು ಯಾವ ವಿವರವೂ ಇಲ್ಲದ ಒಂದು ಕಿತ್ತಳೆ ಬಣ್ಣದ ಗೋಳ ಮಾತ್ರ. ಸೂರ್ಯನ ಅತಿನೇರಳೆ ಕಿರಣಗಳು ಮೇಲುಸ್ತರದಲ್ಲಿ ಮೀಥೇನ್ ಅಣುಗಳನ್ನು ಒಡೆಯುತ್ತವೆ. ಒಡೆದ ಚೂರುಗಳು ಕೂಡಿಕೊಂಡು ಇಂಗಾಲಯುಕ್ತವಾದ ಸೂಕ್ಷ್ಮ ಕಣಗಳಾಗಿ ತೇಲುತ್ತವೆ. ಕಾರ್ಲ್ ಸಾಗನ್ ಮತ್ತು ಭಾರತ ಮೂಲದ ಬಿಷುನ್ ಖರೆ ಇಂಥ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ೧೯೭೯ರಲ್ಲಿ ಅದಕ್ಕೆ ‘ಥೋಲಿನ್’ ಎಂದು ಹೆಸರಿಟ್ಟಿದ್ದರು. ಕಣ್ಣಿಗೆ ಕಾಣುವ ಬೆಳಕಿಗೆ ಈ ಕಣಗಳ ಮಬ್ಬು ಬಹುಮಟ್ಟಿಗೆ ತೆರೆಯಂತೆ ಅಡ್ಡವಾಗುತ್ತದೆ.

ಆದರೂ ವಾಯೇಜರ್ ಬರಿಗೈಯಲ್ಲಿ ಹಿಂದಿರುಗಿತೆನ್ನಲಾಗದು. ನೌಕೆಯು ಟೈಟನ್ನಿನ ಹಿಂದೆ ಮರೆಯಾಗುವಾಗ ಅದರ ರೇಡಿಯೋ ಸಂಕೇತ ವಾಯುಮಂಡಲದ ಮೂಲಕ ಬಾಗಿ ಬಂದಿತು. ಬಾಗಿದ ಪ್ರಮಾಣದಿಂದ ಲೆಕ್ಕ ಹಾಕಿದಾಗ ನೆಲದ ಬಳಿಯ ಒತ್ತಡ ಭೂಮಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು, ಉಷ್ಣತೆ ಸೊನ್ನೆಗಿಂತ ೧೭೯ ಡಿಗ್ರಿ ಸೆಲ್ಸಿಯಸ್ ಕೆಳಗೆ ಎಂದು ತಿಳಿಯಿತು. ವಾಯುಮಂಡಲದ ಬಹುಪಾಲು ಸಾರಜನಕವೆಂಬುದೂ ಖಚಿತವಾಯಿತು. ಈ ಶೈತ್ಯದಲ್ಲಿ ನೀರು ಬಂಡೆಯಂತೆ ಗಟ್ಟಿ; ಮೀಥೇನ್ ಮತ್ತು ಈಥೇನ್‌ಗಳು ದ್ರವವಾಗಿರಬಲ್ಲವು. ಟೈಟನ್ನಿನಲ್ಲಿ ಮಳೆ, ಹೊಳೆ, ಸಮುದ್ರಗಳಿದ್ದಾವು ಎಂಬ ಕಲ್ಪನೆಗೆ ಈ ಎರಡು ಸಂಖ್ಯೆಗಳೇ ಆಧಾರ. ೧೯೮೩ರಲ್ಲಿ ಕೆಲವು ವಿದ್ವಾಂಸರು ಉಪಗ್ರಹವನ್ನೆಲ್ಲ ಆವರಿಸಿದ ಈಥೇನ್ ಸಾಗರವನ್ನೇ ಪ್ರತಿಪಾದಿಸಿದರು.

೩. ಚಿತ್ರವೆಂಬ ಪಠ್ಯ

ವ್ಯೋಮನೌಕೆ ಕಳುಹಿಸುವ ಚಿತ್ರ ನೆಲದ ಪ್ರತಿಬಿಂಬವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದು ಸಂಖ್ಯೆಗಳ ಒಂದು ಪಟ್ಟಿ. ಕ್ಯಾಸಿನಿಯ ಕ್ಯಾಮೆರಾದ ಫಲಕದಲ್ಲಿ ಉದ್ದಕ್ಕೆ ೧,೦೨೪ ಮತ್ತು ಅಗಲಕ್ಕೆ ೧,೦೨೪ ಚೌಕಗಳಿದ್ದವು. ಪ್ರತಿ ಚೌಕಕ್ಕೆ ಬಿದ್ದ ಬೆಳಕು ೦ಯಿಂದ ೪,೦೯೫ರವರೆಗಿನ ಒಂದು ಅಂಕೆಯಾಗುತ್ತಿತ್ತು. ಆ ಅಂಕೆಯಲ್ಲಿ ನೆಲದ ಬೆಳಕು, ಮಬ್ಬಿನ ಬೆಳಕು, ಉಪಕರಣದ ಸ್ವಂತ ದೋಷ, ದಾರಿಯಲ್ಲಿ ತಗುಲಿದ ವಿಶ್ವಕಿರಣದ ಕಲೆ ಇವೆಲ್ಲವೂ ಬೆರೆತಿರುತ್ತವೆ. ಇವುಗಳನ್ನು ಬೇರ್ಪಡಿಸುವುದೇ ಅರ್ಥನಿರ್ಣಯದ ಮೊದಲ ಹಂತ.

ಶಾಸನಾಧ್ಯಯನದ ಪರಿಚಯವಿರುವವರಿಗೆ ಈ ಸ್ಥಿತಿ ಹೊಸದಲ್ಲ. ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದ ಹರಡಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆದ ಅಚ್ಚು ಕಲ್ಲಲ್ಲ. ಅಚ್ಚಿನಲ್ಲಿ ಕೊರೆದ ಅಕ್ಷರವೂ ಬೆಳ್ಳಗೆ ಕಾಣುತ್ತದೆ, ಕಲ್ಲಿನ ಬಿರುಕೂ ಬೆಳ್ಳಗೆ ಕಾಣುತ್ತದೆ. ಬಿರುಕನ್ನು ದೀರ್ಘದ ಗುರುತೆಂದು ಓದಿದರೆ ದಾನ ಕೊಟ್ಟವನ ಹೆಸರೇ ಬದಲಾಗಬಹುದು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ (೧೯೦೨) ಅಂದು ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ ತಾಲ್ಲೂಕಿನ ಶಾಸನಗಳೂ ಸೇರಿವೆ. ಅಂಥ ಸಂಪುಟಗಳ ಪಾಠಗಳನ್ನು ನಂತರದ ವಿದ್ವಾಂಸರು ಕಲ್ಲಿನ ಬಳಿಗೇ ಹೋಗಿ ತಾಳೆ ನೋಡಿ ತಿದ್ದುತ್ತ ಬಂದಿರುವುದು ಶಾಸನಶಾಸ್ತ್ರದ ಆರೋಗ್ಯಕರ ಸಂಪ್ರದಾಯ. ಹಳೆಯ ಅಚ್ಚು ಹೊಸ ಕಣ್ಣಿಗೆ ಹೊಸ ಅಕ್ಷರವನ್ನು ಬಿಟ್ಟುಕೊಡುವುದೂ ಉಂಟು. ವಾಯೇಜರ್ ಚಿತ್ರಗಳ ವಿಷಯದಲ್ಲಿ ಹೀಗೆಯೇ ಆಯಿತು: ಏನೂ ಇಲ್ಲವೆಂದು ಬದಿಗಿರಿಸಿದ್ದ ಕಿತ್ತಳೆ ಶೋಧಕದ ಚಿತ್ರಗಳನ್ನು ಒಟ್ಟುಗೂಡಿಸಿ ಸಂಸ್ಕರಿಸಿದಾಗ, ಮಬ್ಬಿನ ಕೆಳಗಿನ ನೆಲದ ಮಸುಕಾದ ಗುರುತುಗಳು ಅವುಗಳಲ್ಲಿಯೇ ಅಡಗಿದ್ದವೆಂದು ೨೦೦೪ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಮಬ್ಬನ್ನು ದಾಟಲು ಎರಡು ಮಾರ್ಗಗಳಿವೆ. ಅವಕೆಂಪು ಬೆಳಕಿನ ಕೆಲವು ಕಿರಿದಾದ ಪಟ್ಟಿಗಳನ್ನು ಮೀಥೇನ್ ಹೀರಿಕೊಳ್ಳುವುದಿಲ್ಲ. ಇವು ಕಿಟಕಿಗಳಂತೆ ತೆರೆದಿರುತ್ತವೆ. ಹಬಲ್ ದೂರದರ್ಶಕ ೧೯೯೪ರಲ್ಲಿ ಈ ಕಿಟಕಿಯ ಮೂಲಕ ಟೈಟನ್ನಿನ ಮೊದಲ ನಕ್ಷೆಯನ್ನು ಒದಗಿಸಿತು. ಅದರಲ್ಲಿ ಪ್ರಕಾಶಮಾನವಾದ ಮತ್ತು ಕಪ್ಪಾದ ವಿಶಾಲ ಪ್ರದೇಶಗಳು ಕಂಡುಬಂದವು. ಎರಡನೆಯ ಮಾರ್ಗ ರೇಡಾರ್. ಕ್ಯಾಸಿನಿಯ ರೇಡಾರ್ ೨.೨ ಸೆಂಟಿಮೀಟರ್ ತರಂಗಾಂತರದ ಅಲೆಗಳನ್ನು ತಾನೇ ಕಳುಹಿಸಿ ಮರುದನಿಯನ್ನು ದಾಖಲಿಸುತ್ತಿತ್ತು. ಈ ಅಲೆಗಳಿಗೆ ಮಬ್ಬು ಅಡ್ಡಿಯಲ್ಲ. ಆದರೆ ಎರಡು ಮಾರ್ಗಗಳಲ್ಲಿ ‘ಕಪ್ಪು’ ಎಂಬುದರ ಅರ್ಥ ಒಂದೇ ಅಲ್ಲ. ಅವಕೆಂಪು ಚಿತ್ರದಲ್ಲಿ ಕಪ್ಪು ಎಂದರೆ ಬೆಳಕನ್ನು ಹೀರುವ ವಸ್ತು. ರೇಡಾರ್ ಚಿತ್ರದಲ್ಲಿ ಕಪ್ಪು ಎಂದರೆ ಮರುದನಿ ಹಿಂದಿರುಗಲಿಲ್ಲ ಎಂದಷ್ಟೇ. ಮೇಲ್ಮೈ ನುಣುಪಾಗಿದ್ದು ಅಲೆ ಬೇರೆ ದಿಕ್ಕಿಗೆ ಜಾರಿರಬಹುದು, ಇಲ್ಲವೇ ವಸ್ತು ಅದನ್ನು ಒಳಗೆ ಹೀರಿಕೊಂಡಿರಬಹುದು.

೪. ಗದ್ದೆಯಲ್ಲಿ ತಾಳೆ ನೋಡುವ ಸೌಲಭ್ಯ

ರೇಡಾರಿನ ಈ ಭಾಷೆಯನ್ನು ವಿಜ್ಞಾನ ಕಲಿತದ್ದು ಭೂಮಿಯ ಮೇಲೆ. ಕತ್ತಲಗೆರೆಯ ಪರಿಸರ ಅದಕ್ಕೆ ಒಳ್ಳೆಯ ನಿದರ್ಶನವಾಗಬಲ್ಲದು. ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿರುವ ಈ ಊರು ಭದ್ರಾ ಅಚ್ಚುಕಟ್ಟು ಪ್ರದೇಶದಲ್ಲಿದೆ. ಏಷ್ಯಾದ ದೊಡ್ಡ ಕೆರೆಗಳಲ್ಲೊಂದೆಂದು ಹೆಸರಾದ ಸೂಳೆಕೆರೆ ಅಥವಾ ಶಾಂತಿಸಾಗರ ಇದೇ ತಾಲ್ಲೂಕಿನಲ್ಲಿದೆ. ನಾಲೆಯ ನೀರು ಬಂದು, ಗದ್ದೆಗಳನ್ನು ಕೆಸರು ಮಾಡಿ, ನಾಟಿ ಮುಗಿಸಿದ ದಿನಗಳಲ್ಲಿ ಇಂಥ ಬಯಲನ್ನು ರೇಡಾರ್ ಉಪಗ್ರಹ ನೋಡಿದರೆ ಗದ್ದೆಗಳು ಕೆರೆಯಷ್ಟೇ ಕಪ್ಪಾಗಿ ಕಾಣುತ್ತವೆ. ಪೈರು ತೆಂಡೆಯೊಡೆದು ಎತ್ತರವಾದಂತೆ ಅಲೆಗಳು ಪೈರಿನ ಕಾಂಡ ಮತ್ತು ನೀರಿನ ನಡುವೆ ಪುಟಿದು ಹಿಂದಿರುಗತೊಡಗಿ ಅದೇ ಗದ್ದೆ ವಾರದಿಂದ ವಾರಕ್ಕೆ ಬೆಳ್ಳಗಾಗುತ್ತದೆ. ಕೆರೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಅಡಿಕೆ ತೋಟದ ಸೋಗೆಗಳು ಅಲೆಯನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ತೋಟ ವರ್ಷವಿಡೀ ಹೆಚ್ಚು ಬದಲಾಗದೆ ಬೂದುಬಣ್ಣದಲ್ಲಿರುತ್ತದೆ.

ಬೆಂಗಳೂರು ಕೇಂದ್ರವಾಗುಳ್ಳ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ೨೦೧೨ರ ಏಪ್ರಿಲ್ ೨೬ರಂದು ಹಾರಿಸಿದ ರಿಸ್ಯಾಟ್-೧, ೨೦೨೨ರ ಫೆಬ್ರವರಿ ೧೪ರಂದು ಹಾರಿಸಿದ ಇಒಎಸ್-೦೪, ಅಮೆರಿಕದ ನಾಸಾ ಜೊತೆಗೂಡಿ ೨೦೨೫ರ ಜುಲೈ ೩೦ರಂದು ಹಾರಿಸಿದ ನಿಸಾರ್ ಈ ಮೂರೂ ರೇಡಾರ್ ಉಪಗ್ರಹಗಳು. ಮಳೆಗಾಲದ ಮೋಡದ ಕೆಳಗಿನ ಬತ್ತದ ಬೆಳೆಯನ್ನು ಅಳೆಯುವುದು ಅಂಥ ಉಪಗ್ರಹಗಳ ಮುಖ್ಯ ಉಪಯೋಗಗಳಲ್ಲೊಂದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಂದೇ ದಿನದ ಒಂದೇ ಚಿತ್ರವನ್ನು ನೋಡಿದವನಿಗೆ ಕೆರೆ ಯಾವುದು, ನಾಟಿಯಾದ ಗದ್ದೆ ಯಾವುದು, ನುಣುಪಾದ ಒಣ ಬಯಲು ಯಾವುದು ಎಂದು ಬಿಡಿಸಿ ಹೇಳಲು ಸಾಧ್ಯವಾಗದೇ ಹೋಗಬಹುದು. ಮೂರೂ ಕಪ್ಪೇ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಹೊಗೆ ಬೆಂಕಿಗೆ ಹೇತುವಾಗುವಂತೆ ಕಪ್ಪು ಬಣ್ಣ ಕೆರೆಗೆ ಹೇತುವಾಗದು. ಸಾಧ್ಯವಿಲ್ಲದ ಕಡೆಯೂ ಅದು ಇರುವುದರಿಂದ ಅದು ಸವ್ಯಭಿಚಾರವೆಂಬ ಹೇತ್ವಾಭಾಸ. ಭೂಮಿಯ ಮೇಲೆ ಈ ದೋಷಕ್ಕೆ ಪರಿಹಾರ ಸುಲಭ. ಸಂದೇಹ ಬಂದವರು ಗದ್ದೆಯ ಬದುವಿನ ಮೇಲೆ ಹೋಗಿ ನಿಂತು ನೋಡಬಹುದು. ಟೈಟನ್ನಿನಲ್ಲಿ ಆ ಸೌಲಭ್ಯ ಇಲ್ಲವೆಂಬುದೇ ಅಲ್ಲಿನ ಚಿತ್ರಗಳ ಓದನ್ನು ಕಠಿಣವಾಗಿಸಿದೆ.

೫. ಒಂದೇ ಕಪ್ಪು, ಹಲವು ಅರ್ಥ

ಟೈಟನ್ ಅಧ್ಯಯನದ ಇತಿಹಾಸದಲ್ಲಿ ಕಪ್ಪು ಬಣ್ಣಕ್ಕೆ ಒಂದಾದ ಮೇಲೊಂದರಂತೆ ಬೇರೆ ಬೇರೆ ಅರ್ಥಗಳು ದೊರೆತಿವೆ.

ಮೊದಲನೆಯದು ಸಮಭಾಜಕದ ಸುತ್ತಲಿನ ಕಪ್ಪು ಪ್ರದೇಶಗಳದು. ಅವಕೆಂಪು ಚಿತ್ರಗಳಲ್ಲಿ ಕಂಡ ಇವು ದ್ರವದ ಸಮುದ್ರಗಳಾಗಿರಬಹುದೆಂಬ ಊಹೆ ಬಲವಾಗಿತ್ತು. ೨೦೦೫ರ ಅಕ್ಟೋಬರಿನಲ್ಲಿ ಕ್ಯಾಸಿನಿಯ ರೇಡಾರ್ ಅಂಥ ಒಂದು ಪ್ರದೇಶದ ಮೇಲೆ ಹಾದಾಗ ಕಂಡದ್ದು ನೂರಾರು ಕಿಲೋಮೀಟರ್ ಉದ್ದದ ಸಮಾನಾಂತರ ಗೆರೆಗಳು. ಅವು ಸುಮಾರು ನೂರು ಮೀಟರ್ ಎತ್ತರದ ಮರಳುದಿಬ್ಬಗಳೆಂದು ೨೦೦೬ರಲ್ಲಿ ನಿರ್ಣಯವಾಯಿತು. ಮರಳೆಂದರೆ ಭೂಮಿಯ ಮರಳಲ್ಲ. ಮಬ್ಬಿನಿಂದ ಉದುರಿದ ಇಂಗಾಲಯುಕ್ತ ವಸ್ತುವಿನಿಂದಾದ ಕಣಗಳು. ಸಮುದ್ರವೆಂದು ಓದಿದ್ದ ಜಾಗ ಮರುಭೂಮಿಯಾಗಿತ್ತು.

ಎರಡನೆಯದು ಭೂಮಿಯಿಂದಲೇ ಕಳುಹಿಸಿದ ರೇಡಾರ್ ಅಲೆಗಳ ಪ್ರಸಂಗ. ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ ಕಳುಹಿಸಿದ ಅಲೆಗಳು ಟೈಟನ್ನಿನ ಉಷ್ಣವಲಯದ ಕೆಲವು ಭಾಗಗಳಿಂದ ಕನ್ನಡಿಯಿಂದೆಂಬಂತೆ ಹಿಂದಿರುಗಿದವು. ಇಷ್ಟು ನುಣುಪಾದದ್ದು ದ್ರವವೇ ಇರಬೇಕೆಂದು ೨೦೦೩ರಲ್ಲಿ ವ್ಯಾಖ್ಯಾನಿಸಲಾಯಿತು. ಕ್ಯಾಸಿನಿ ಆ ಜಾಗಗಳನ್ನು ಹತ್ತಿರದಿಂದ ನೋಡಿದಾಗ ಅಲ್ಲಿ ದ್ರವ ಕಾಣಲಿಲ್ಲ. ಅವು ಒಣಗಿಹೋದ ಸರೋವರಗಳ ನುಣುಪು ತಳಗಳಾಗಿರಬೇಕೆಂಬ ವಿವರಣೆ ಬಂದದ್ದು ೨೦೨೦ರಲ್ಲಿ. ಇಲ್ಲಿ ವೀಕ್ಷಣೆ ತಪ್ಪಾಗಿರಲಿಲ್ಲ, ನುಣುಪು ನಿಜವಾಗಿತ್ತು. ನುಣುಪಿನಿಂದ ದ್ರವಕ್ಕೆ ಹಾರಿದ ಜಿಗಿತ ಮಾತ್ರ ಅವಸರದ್ದಾಗಿತ್ತು.

ಮೂರನೆಯದು ಧ್ರುವ ಪ್ರದೇಶದ ಕಲೆಗಳು. ಇವುಗಳ ವಿಷಯದಲ್ಲಿ ಅರ್ಥ ಗಟ್ಟಿಯಾದದ್ದು ಒಂದೇ ಸಾಕ್ಷ್ಯದಿಂದಲ್ಲ. ಕಲೆಗಳ ಅಂಚು ದಡದಂತೆ ಅಂಕುಡೊಂಕಾಗಿದ್ದು, ಕೆಲವಕ್ಕೆ ಕಾಲುವೆಯಂಥ ರೇಖೆಗಳು ಬಂದು ಕೂಡುತ್ತಿದ್ದವು. ದಕ್ಷಿಣ ಧ್ರುವದ ಬಳಿಯ ‘ಒಂಟಾರಿಯೊ’ ಎಂಬ ಕಲೆಯನ್ನು ೨೦೦೭ರ ಡಿಸೆಂಬರಿನಲ್ಲಿ ರೋಹಿತಮಾಪಕದಿಂದ ನೋಡಿದಾಗ ದ್ರವರೂಪದ ಈಥೇನಿನ ಗುರುತು ಸಿಕ್ಕಿತು. ೨೦೦೯ರ ಜುಲೈ ೮ರಂದು ಉತ್ತರದ ಸರೋವರವೊಂದರಿಂದ ಸೂರ್ಯನ ಬೆಳಕು ಮಿಂಚಿದಂತೆ ಪ್ರತಿಫಲಿಸಿದ್ದನ್ನು ಕ್ಯಾಸಿನಿ ಸೆರೆಹಿಡಿಯಿತು. ೨೦೧೩ರ ಮೇ ತಿಂಗಳಿನಲ್ಲಿ ‘ಲಿಜಿಯಾ’ ಎಂಬ ಸಮುದ್ರದ ಮೇಲೆ ನೇರವಾಗಿ ಕಳುಹಿಸಿದ ಅಲೆಗೆ ಎರಡು ಮರುದನಿಗಳು ಬಂದವು: ಒಂದು ಮೇಲ್ಮೈಯಿಂದ, ಇನ್ನೊಂದು ತಳದಿಂದ. ಅವುಗಳ ನಡುವಿನ ಕಾಲಾಂತರದಿಂದ ಅಲ್ಲಿನ ಗರಿಷ್ಠ ಆಳ ಸುಮಾರು ೧೬೦ ಮೀಟರ್ ಎಂದು ಲೆಕ್ಕ ಹಾಕಲಾಯಿತು. ಅಷ್ಟು ಆಳಕ್ಕೆ ಅಲೆ ಇಳಿದು ಮರಳಿತೆಂದರೆ ದ್ರವ ಬಹುಮಟ್ಟಿಗೆ ಶುದ್ಧ ಮೀಥೇನ್ ಎಂಬುದೂ ಅದರಿಂದ ಸಿದ್ಧವಾಯಿತು. ಆಕಾರ, ರೋಹಿತ, ಹೊಳಪು, ಆಳ ಎಂಬ ನಾಲ್ಕು ಪರಸ್ಪರ ಸ್ವತಂತ್ರ ಸಾಕ್ಷ್ಯಗಳು ಒಂದೇ ಕಡೆಗೆ ಬೆರಳು ಮಾಡಿದಾಗ ‘ಕಪ್ಪು ಕಲೆ’ ಸರೋವರವಾಯಿತು.

ನಾಲ್ಕನೆಯದು ಕ್ಷಣಿಕವಾದ ಕಪ್ಪು. ೨೦೧೦ರ ಸೆಪ್ಟೆಂಬರಿನಲ್ಲಿ ಸಮಭಾಜಕದ ಬಳಿ ದೊಡ್ಡ ಮೋಡವೊಂದು ಕಾಣಿಸಿಕೊಂಡಿತು. ಮುಂದಿನ ವಾರಗಳಲ್ಲಿ ಸುಮಾರು ೫ ಲಕ್ಷ ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಎರಡೂವರೆ ಪಟ್ಟು ವಿಸ್ತಾರದ ನೆಲ ಕಪ್ಪಾಗಿ, ಕ್ರಮೇಣ ಬಹುಪಾಲು ಮೊದಲಿನ ಬಣ್ಣಕ್ಕೆ ಮರಳಿತು. ಮೋಡ ಮೊದಲು, ಕಪ್ಪು ಆಮೇಲೆ, ಕೊನೆಗೆ ಆರಿದ ನೆಲ ಎಂಬ ಈ ಕ್ರಮಕ್ಕೆ ಮೀಥೇನ್ ಮಳೆಯಿಂದ ನೆಲ ತೊಯ್ದಿತೆಂಬುದಕ್ಕಿಂತ ಸರಳವಾದ ಅರ್ಥವಿಲ್ಲ. ನಾಟಿಯಾದ ಗದ್ದೆಯನ್ನೂ ಕೆರೆಯನ್ನೂ ಬೇರ್ಪಡಿಸಿದಂತೆ ಇಲ್ಲಿಯೂ ಅರ್ಥವನ್ನು ಬಿಡಿಸಿಕೊಟ್ಟದ್ದು ಕಾಲ.

೬. ನೆಲ ಮುಟ್ಟಿದ ಏಕೈಕ ಸಾಕ್ಷಿ

ಟೈಟನ್ನಿನ ಒಂದೇ ಒಂದು ಜಾಗದಲ್ಲಿ ಮಾತ್ರ ಚಿತ್ರವನ್ನು ನೆಲದೊಡನೆ ತಾಳೆ ನೋಡಲು ಸಾಧ್ಯವಾಗಿದೆ. ಕ್ಯಾಸಿನಿ ಹೊತ್ತೊಯ್ದಿದ್ದ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ‘ಹ್ಯೂಜೆನ್ಸ್’ ಶೋಧಕನೌಕೆ ೨೦೦೫ರ ಜನವರಿ ೧೪ರಂದು ಪ್ಯಾರಾಚೂಟುಗಳ ನೆರವಿನಿಂದ ಸುಮಾರು ಎರಡೂವರೆ ಗಂಟೆ ಕಾಲ ಇಳಿದು ನೆಲ ಮುಟ್ಟಿತು. ಅದರ ಸಂಕೇತಗಳಿಗಿದ್ದ ಎರಡು ಪಥಗಳಲ್ಲಿ ಒಂದು ಕೆಲಸ ಮಾಡದೆ ಹೋದುದರಿಂದ ನಿರೀಕ್ಷಿತ ಚಿತ್ರಗಳಲ್ಲಿ ಅರ್ಧದಷ್ಟು, ಸುಮಾರು ೩೫೦, ಮಾತ್ರ ದೊರೆತವು.

ಇಳಿಯುವಾಗ ತೆಗೆದ ಚಿತ್ರಗಳನ್ನು ನೋಡಿದ ಯಾರಿಗಾದರೂ ಅನಿಸುವುದು ಒಂದೇ: ಬೆಳ್ಳನೆಯ ಗುಡ್ಡಗಳಿಂದ ಕವಲೊಡೆದ ಹೊಳೆಗಳು ಇಳಿದು ಕಪ್ಪು ಸಮುದ್ರವನ್ನು ಸೇರುತ್ತಿವೆ, ನಡುವೆ ಸ್ಪಷ್ಟವಾದ ಕಡಲತಡಿಯಿದೆ. ಹ್ಯೂಜೆನ್ಸ್ ಇಳಿದದ್ದು ಆ ಕಪ್ಪು ಭಾಗದಲ್ಲಿಯೇ. ಆದರೆ ಅದು ತೇಲಲಿಲ್ಲ. ಸುತ್ತ ಕಂಡದ್ದು ಹೆಚ್ಚೆಂದರೆ ೧೫ ಸೆಂಟಿಮೀಟರ್ ಅಡ್ಡಳತೆಯ ದುಂಡನೆಯ ಕಲ್ಲುಗಳು ಹರಡಿದ ಗಟ್ಟಿ ಬಯಲು. ಕಲ್ಲುಗಳು ಬಹುಶಃ ನೀರಿನ ಮಂಜುಗಡ್ಡೆಯವು. ದುಂಡಾಗಿರುವುದು ಹರಿವಿನಲ್ಲಿ ಉರುಳಿದ್ದರ ಗುರುತು. ನೌಕೆಯ ಬಿಸಿ ತಾಗಿದ ನೆಲದಿಂದ ಮೀಥೇನ್ ಆವಿ ಮೇಲೆದ್ದುದನ್ನು ಅನಿಲಮಾಪಕ ದಾಖಲಿಸಿತು. ಎಂದರೆ ಹೊಳೆಯ ಪಾತ್ರವೆಂಬ ಓದು ನಿಂತಿತು, ಸಮುದ್ರವೆಂಬ ಓದು ಬಿದ್ದಿತು, ತೇವವೆಂಬ ಹೊಸ ಓದು ಸೇರಿತು.

ನೆಲ ಮುಟ್ಟಿದ ಮಾತ್ರಕ್ಕೆ ಅರ್ಥನಿರ್ಣಯ ಮುಗಿಯುವುದಿಲ್ಲವೆಂಬುದಕ್ಕೂ ಇಲ್ಲಿ ನಿದರ್ಶನವಿದೆ. ನೌಕೆಯ ತಳದಲ್ಲಿದ್ದ ಚುಚ್ಚುಮಾಪಕ ಮೊದಲು ಗಟ್ಟಿಯಾದದ್ದನ್ನೂ ಆಮೇಲೆ ಮೆದುವಾದದ್ದನ್ನೂ ತಾಗಿತು. ನೆಲದ ಮೇಲೆ ಗಟ್ಟಿ ಹೆಪ್ಪೊಂದಿದೆಯೆಂದು ಆರಂಭದಲ್ಲಿ ಹೇಳಲಾಯಿತು. ಮಾಪಕ ಮೊದಲು ಒಂದು ಹರಳುಕಲ್ಲಿಗೆ ತಾಗಿ ಪಕ್ಕಕ್ಕೆ ಸರಿದಿರಬಹುದೆಂಬ ವಿವರಣೆ ನಂತರ ಬಂದಿತು. ಅಂತೆಯೇ, ಪತ್ರಿಕೆಗಳಲ್ಲಿ ಪ್ರಸಿದ್ಧವಾದ ಕಿತ್ತಳೆ ಬಣ್ಣದ ಚಿತ್ರದ ಬಣ್ಣ ಕ್ಯಾಮೆರಾದ್ದಲ್ಲ. ಕ್ಯಾಮೆರಾ ಕೊಟ್ಟದ್ದು ಕಪ್ಪು-ಬಿಳುಪು ಚಿತ್ರ. ರೋಹಿತಮಾಪಕದ ಅಳತೆಯಿಂದ ಬಣ್ಣವನ್ನು ಆಮೇಲೆ ಸೇರಿಸಲಾಯಿತು. ಅದು ಸುಳ್ಳಲ್ಲ. ಪ್ರಾಚೀನ ಕಾವ್ಯದ ಲುಪ್ತ ಅಕ್ಷರವನ್ನು ಸಂಪಾದಕನು ಛಂದಸ್ಸಿನ ಆಧಾರದಿಂದ ತುಂಬಿ ಕಂಸದಲ್ಲಿಡುವಂಥ ಕ್ರಮ ಅದು. ಚಿತ್ರ ಮುದ್ರಿಸುವಾಗ ಆ ಕಂಸ ಬಿಟ್ಟುಹೋಗುವುದೇ ತೊಡಕು.

೭. ಕಾವಲೂರಿನ ಪಾಠ

ದೂರದ ಉಪಗ್ರಹವೊಂದರ ವಾಯುಮಂಡಲವನ್ನು ಓದುವ ಇಂಥ ಪ್ರಯತ್ನದಲ್ಲಿ ಬೆಂಗಳೂರಿನ ಪಾತ್ರವೂ ಇದೆ. ೧೯೭೧ರಲ್ಲಿ ಸ್ವಾಯತ್ತವಾಗಿ, ಮುಂದೆ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಗೊಂಡ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ತಮಿಳುನಾಡಿನ ಕಾವಲೂರಿನಲ್ಲಿದೆ. ೧೯೭೨ರ ಜೂನ್ ೭ರಂದು ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿತು. ಕಾವಲೂರಿನಿಂದಲೂ ಇಂಡೋನೇಷ್ಯಾದ ಲೆಂಬಾಂಗ್‌ನಿಂದಲೂ ಈ ಆಚ್ಛಾದನೆಯನ್ನು ವೀಕ್ಷಿಸಲಾಯಿತು. ವಾಯುಮಂಡಲವಿಲ್ಲದ ಗೋಳ ಅಡ್ಡ ಬಂದರೆ ನಕ್ಷತ್ರ ತಟ್ಟನೆ ಆರಬೇಕು. ಬೆಳಕು ಇಳಿಮುಖವಾಗುತ್ತ ಆರಿದರೆ ವಾಯುಮಂಡಲವಿದೆಯೆಂದು ಅರ್ಥ. ದಾಖಲೆಯಲ್ಲಿ ಬೆಳಕು ತಟ್ಟನೆ ಆರಿರಲಿಲ್ಲ. ಜೆ.ಸಿ. ಭಟ್ಟಾಚಾರ್ಯ ಅವರೂ ಸೇರಿದ್ದ ಅಂತರರಾಷ್ಟ್ರೀಯ ತಂಡ ಗ್ಯಾನಿಮೀಡಿಗೆ ತೆಳುವಾದ ವಾಯುಮಂಡಲವಿದೆಯೆಂದು ೧೯೭೩ರಲ್ಲಿ ಪ್ರಕಟಿಸಿತು. ನೆಲದ ಬಳಿ ಅದರ ಒತ್ತಡ ಒಂದು ಮಿಲಿಬಾರಿನ ಸಾವಿರದ ಒಂದು ಭಾಗಕ್ಕಿಂತ ಹೆಚ್ಚೆಂಬುದು ಅವರ ಅಂದಾಜು.

೧೯೭೯ರಲ್ಲಿ ವಾಯೇಜರ್-೧ ಅತಿನೇರಳೆ ಬೆಳಕಿನಲ್ಲಿ ಇನ್ನೊಂದು ಆಚ್ಛಾದನೆಯನ್ನು ಹತ್ತಿರದಿಂದ ನೋಡಿತು. ಅಲ್ಲಿ ಅಂಥ ವಾಯುಮಂಡಲ ಕಾಣಲಿಲ್ಲ. ಇದ್ದರೂ ಅದು ಮೊದಲಿನ ಅಂದಾಜಿಗಿಂತ ಹತ್ತಾರು ಸಾವಿರ ಪಟ್ಟು ವಿರಳವಾಗಿರಬೇಕಿತ್ತು. ೧೯೯೦ರ ದಶಕದಲ್ಲಿ ಹಬಲ್ ದೂರದರ್ಶಕ ಅತ್ಯಂತ ವಿರಳವಾದ ಆಮ್ಲಜನಕದ ಹೊದಿಕೆಯನ್ನು ಕಂಡಿತು. ‘ವಾಯುಮಂಡಲವಿದೆ’ ಎಂಬ ವಾಕ್ಯ ಮೊದಲು ಸ್ವೀಕೃತವಾಗಿ, ಆಮೇಲೆ ನಿರಾಕೃತವಾಗಿ, ಕೊನೆಗೆ ಬೇರೊಂದು ಪ್ರಮಾಣದಲ್ಲಿ ಮರಳಿತು. ಕಾವಲೂರಿನ ವೀಕ್ಷಕರ ಪ್ರತಿಷ್ಠೆಗೆ ಇದರಿಂದ ಕುಂದೇನೂ ಬರಲಿಲ್ಲ. ಅದೇ ಆಚ್ಛಾದನಾ ವಿಧಾನದಿಂದ ೧೯೭೭ರ ಮಾರ್ಚ್ ೧೦ರಂದು ಯುರೇನಸ್ ಗ್ರಹದ ಉಂಗುರಗಳು ಪತ್ತೆಯಾದಾಗ ಅದನ್ನು ವೀಕ್ಷಿಸಿದ ಕೇಂದ್ರಗಳಲ್ಲಿ ಕಾವಲೂರೂ ಒಂದಾಗಿತ್ತು. ಅಂಕಿಅಂಶವನ್ನೂ ತೀರ್ಮಾನವನ್ನೂ ಬೇರೆಬೇರೆಯಾಗಿ ದಾಖಲಿಸಿದ್ದರಿಂದಲೇ ತಿದ್ದುಪಡಿ ಸಾಧ್ಯವಾಯಿತೆಂಬುದು ಈ ಪ್ರಸಂಗದ ಪಾಠ.

೮. ಹೆಸರು ಮತ್ತು ನಿಶ್ಚಯದ ಮಟ್ಟ

ಇಷ್ಟು ಹಂತಗಳನ್ನು ದಾಟಿ ಬಂದ ನಿರ್ಣಯ ಕನ್ನಡದ ಪಠ್ಯಪುಸ್ತಕ ಅಥವಾ ಪತ್ರಿಕೆಯನ್ನು ಸೇರುವಾಗ ಎರಡು ತೊಡಕುಗಳು ಎದುರಾಗುತ್ತ­ವೆ. ಮೊದಲನೆಯದು ನಾಮಪದದ್ದು. ಕನ್ನಡದಲ್ಲಿ ‘ಕೆರೆ’ ಎಂದರೆ ಬರಿಯ ಜಲರಾಶಿಯಲ್ಲ; ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳಿಂದ ಕೂಡಿದ ಮಾನವ ನಿರ್ಮಿತಿ. ಕೆರೆಯನ್ನು ಕಟ್ಟಿಸುವುದನ್ನು ಪುಣ್ಯಕಾರ್ಯವೆಂದು ನೂರಾರು ಶಾಸನಗಳು ಕೊಂಡಾಡಿವೆ. ಟೈಟನ್ನಿನ ಜಲಾಶಯವಲ್ಲದ ಆ ದ್ರವಾಶಯಗಳಿಗೆ ‘ಸರೋವರ’ ಎಂಬ ಪದವೇ ಹೆಚ್ಚು ಯುಕ್ತ. ಆದರೆ ಕೆರೆಯ ಪರಿಭಾಷೆಯಿಂದ ಬೇರೊಂದು ಉಪಕಾರವಿದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಟೈಟನ್ನಿನ ತುಂಬಿದ ಸರೋವರಕ್ಕೆ ‘ಲೇಕಸ್’, ಒಣಗಿದಂತೆ ತೋರುವ ತಳಕ್ಕೆ ‘ಲಕೂನಾ’ ಎಂಬ ಬೇರೆ ಬೇರೆ ಲ್ಯಾಟಿನ್ ಪದಗಳನ್ನು ಬಳಸುತ್ತದೆ. ಬತ್ತಿದ ಕೆರೆಗೆ ‘ಕೆರೆಯಂಗಳ’ ಎಂಬ ಪದವನ್ನು ಜನರೇ ರೂಢಿಸಿರುವ ಕನ್ನಡಕ್ಕೆ ಈ ಭೇದ ಹೊಸದಲ್ಲ. ‘ಸರೋವರದಂಗಳ’ ಎಂದರೆ ಅರ್ಥ ತಾನಾಗಿ ಹೊಳೆಯುತ್ತದೆ. ಅಂತೆಯೇ ನೀರಿನ ಹನಿಗಳನ್ನು ನೆನಪಿಸುವ ‘ಮಂಜು’ ಎಂಬುದಕ್ಕಿಂತ ‘ಮಬ್ಬು’ ಎಂಬುದು ಥೋಲಿನ್ ಕಣಗಳ ತೆರೆಗೆ ಸರಿಹೊಂದುತ್ತದೆ.

ಎರಡನೆಯ ತೊಡಕು ಕ್ರಿಯಾಪದದ್ದು. ಇದು ಹೆಚ್ಚು ಗಂಭೀರವಾದದ್ದು. ‘ಟೈಟನ್ನಿನಲ್ಲಿ ಸಮುದ್ರವಿದೆ’ ಎಂಬ ವಾಕ್ಯ ೧೯೮೩ರಲ್ಲಿ ಊಹೆ, ೨೦೦೩ರಲ್ಲಿ ದುರ್ಬಲವಾದ ಅನುಮಾನ, ೨೦೧೩ರ ವೇಳೆಗೆ ಸಿದ್ಧಾಂತ. ಮೂರು ಸಂದರ್ಭಗಳಲ್ಲಿಯೂ ‘ಇದೆ’ ಎಂದೇ ಬರೆದರೆ, ಊಹೆ ಬಿದ್ದ ದಿನ ಓದುಗನಿಗೆ ವಿಜ್ಞಾನವೇ ಮಾತು ತಪ್ಪಿದಂತೆ ತೋರುತ್ತದೆ. ಕನ್ನಡಕ್ಕೆ ಇಲ್ಲಿ ಸಂಪತ್ತಿನ ಕೊರತೆಯಿಲ್ಲ. ಶಾಲೆಯ ವ್ಯಾಕರಣ ಕಲಿಸುವ ಸಂಭಾವನಾರ್ಥಕ ರೂಪ ‘ಇದ್ದೀತು’ ಎಂಬುದು ಕೇವಲ ಸಾಧ್ಯತೆಯನ್ನು ಹೇಳುತ್ತದೆ. ‘ಇರಬಹುದು’ ಎಂಬುದು ಒಂದು ಸಾಕ್ಷ್ಯವುಳ್ಳ ಅನುಮಾನವನ್ನೂ, ‘ಇರಬೇಕು’ ಎಂಬುದು ಬೇರೆ ಅರ್ಥಗಳನ್ನು ಪರಿಶೀಲಿಸಿ ಬಿಟ್ಟ ಮೇಲಿನ ಅನುಮಾನವನ್ನೂ ಹೇಳಬಲ್ಲವು. ಪರರಿಂದ ಕೇಳಿದ್ದಕ್ಕೆ ‘ಇದೆಯಂತೆ’ ಎಂಬ ರೂಪವಿದೆ. ‘ಇದೆ’ ಎಂಬುದನ್ನು ಸ್ವತಂತ್ರ ಸಾಕ್ಷ್ಯಗಳು ಕೂಡಿಬಂದ ನಿರ್ಣಯಕ್ಕೆ ಮೀಸಲಿಡಬಹುದು. ದಿನನಿತ್ಯದ ಮಾತಿನಲ್ಲಿ ಈ ಭೇದಗಳನ್ನು ಅನಾಯಾಸವಾಗಿ ಪಾಲಿಸುವ ಕನ್ನಡಿಗರು ವಿಜ್ಞಾನ ಬರವಣಿಗೆಯಲ್ಲಿ ಅವುಗಳನ್ನು ಕೈಬಿಡಬೇಕಾದ ಕಾರಣವಿಲ್ಲ.

೯. ಉಪಸಂಹಾರ

ಕ್ಯಾಸಿನಿ ನೌಕೆ ೧೨೭ ಬಾರಿ ಟೈಟನ್ನಿನ ಸಮೀಪ ಹಾದು, ೨೦೧೭ರ ಸೆಪ್ಟೆಂಬರ್ ೧೫ರಂದು ಶನಿಯ ವಾಯುಮಂಡಲದಲ್ಲಿ ಉರಿದುಹೋಯಿತು. ಅದರ ದಾಖಲೆಗಳಿಂದ ೨೦೧೯ರಲ್ಲಿ ಸಿದ್ಧವಾದ ಭೂವೈಜ್ಞಾನಿಕ ನಕ್ಷೆಯ ಪ್ರಕಾರ ಟೈಟನ್ನಿನ ಸುಮಾರು ಶೇ. ೬೫ರಷ್ಟು ಭಾಗ ಬಯಲು, ಶೇ. ೧೭ರಷ್ಟು ಮರಳುದಿಬ್ಬ, ಸರೋವರ ಮತ್ತು ಸಮುದ್ರಗಳ ಪಾಲು ಶೇ. ೧.೫ ಮಾತ್ರ. ಈ ನಕ್ಷೆಯ ಪ್ರತಿಯೊಂದು ಗೆರೆಯ ಹಿಂದೆಯೂ ಮೇಲೆ ವಿವರಿಸಿದಂಥ ವಾದ, ಪ್ರತಿವಾದಗಳಿವೆ.

ಓದದೆ ಉಳಿದ ಅಕ್ಷರಗಳೂ ಇವೆ. ೨೦೧೩ರ ಜುಲೈನಲ್ಲಿ ಲಿಜಿಯಾ ಸಮುದ್ರದ ಕಪ್ಪಿನ ನಡುವೆ ಬೆಳ್ಳನೆಯ ದ್ವೀಪದಂಥದೊಂದು ಕಂಡು, ಕೆಲವೇ ದಿನಗಳ ನಂತರದ ಚಿತ್ರದಲ್ಲಿ ಇಲ್ಲವಾಯಿತು. ಅದು ಅಲೆಗಳಾಗಿದ್ದೀತು, ತಳದಿಂದ ಎದ್ದ ಗುಳ್ಳೆಗಳಾಗಿದ್ದೀತು, ತೇಲುವ ಘನವಸ್ತುವಾಗಿದ್ದೀತು. ಸಂಭಾವನಾರ್ಥಕವನ್ನು ಮೀರಿ ಅಲ್ಲಿ ಹೇಳಲಾಗದು. ೨೦೨೮ರಲ್ಲಿ ಹಾರಿಸಲು ಉದ್ದೇಶಿಸಿರುವ ನಾಸಾದ ‘ಡ್ರ್ಯಾಗನ್‌ಫ್ಲೈ’ ಎಂಬ ಹಾರುಯಂತ್ರ ೨೦೩೪ರ ವೇಳೆಗೆ ಟೈಟನ್ ತಲುಪಿ, ಸಮಭಾಜಕದ ಮರಳುದಿಬ್ಬಗಳ ನಾಡಿನಲ್ಲಿ ಜಾಗದಿಂದ ಜಾಗಕ್ಕೆ ಹಾರುತ್ತ ನೆಲವನ್ನು ಪರೀಕ್ಷಿಸಬೇಕೆಂಬುದು ಯೋಜನೆ. ಒಮ್ಮೆ ಸಮುದ್ರವೆಂದೂ ಆಮೇಲೆ ಮರುಭೂಮಿಯೆಂದೂ ಓದಲಾದ ಕಪ್ಪು ಪ್ರದೇಶ ಅದು. ಹ್ಯೂಜೆನ್ಸ್‌ಗೆ ದೊರೆತದ್ದು ಒಂದು ಜಾಗ, ಕೆಲವು ಗಂಟೆಗಳ ಕಾಲ. ಈ ಯಂತ್ರಕ್ಕೆ ಹಲವು ಜಾಗಗಳು, ವರ್ಷಗಳ ಕಾಲ. ಬದುವಿನ ಮೇಲೆ ನಿಂತು ಗದ್ದೆಯನ್ನು ನೋಡುವ ಸೌಲಭ್ಯಕ್ಕೆ ಟೈಟನ್ ಅಧ್ಯಯನ ಅಷ್ಟರಮಟ್ಟಿಗೆ ಹತ್ತಿರವಾಗಲಿದೆ. ಆಗ ಇಂದಿನ ‘ಇದೆ’ಗಳಲ್ಲಿ ಕೆಲವು ‘ಇರಲಿಲ್ಲ’ವಾಗಬಹುದು, ಕೆಲವು ‘ಇದ್ದೀತು’ಗಳು ‘ಇದೆ’ಯಾಗಬಹುದು. ಯಾವ ತೀರ್ಮಾನ ಎಷ್ಟು ಸಾಕ್ಷ್ಯದ ಮೇಲೆ ನಿಂತಿತ್ತೆಂಬುದನ್ನು ಇಂದಿನ ಬರವಣಿಗೆ ಸ್ಪಷ್ಟವಾಗಿ ದಾಖಲಿಸಿದ್ದರೆ, ಅಂದಿನ ಓದುಗನಿಗೆ ಆ ಬದಲಾವಣೆ ತಿಳಿವಳಿಕೆಯ ಬೆಳವಣಿಗೆಯಾಗಿಯೇ ಕಾಣುವುದು.